ಮೀಟರಿನ ಮುಪ್ಪು

ತಂತಿಕೋಟೆಯಲ್ಲಿ ಯಾರಿಗಾದರೂ ಏನಾದರೂ ಕೊಡುವ ಮುಂಚೆ ಮೊಣಕೈಗೆ ಮೊಣಕೈ ತಾಗಿಸುತ್ತಿದ್ದರು. ಚಟ್ ಎಂದು ಸಣ್ಣ ಕಿಡಿ ಹಾರಿದ ಮೇಲೆಯೇ ಚಹಾದ ಕಪ್ಪು, ರೊಟ್ಟಿಯ ಬುಟ್ಟಿ, ಎಳೆಗೂಸು ಎಲ್ಲವೂ ಕೈಯಿಂದ ಕೈಗೆ ದಾಟುತ್ತಿತ್ತು. ಬೆರಳ ತುದಿಗಿಂತ ಮೊಣಕೈಗೆ ಉರಿ ಕಡಿಮೆ ಎನ್ನುವುದು ಆ ಊರು ಇಪ್ಪತ್ತೆರಡು ವರ್ಷದಲ್ಲಿ ಕಲಿತ ಪಾಠ. ಮದುವೆಯಲ್ಲಿ ಹಾರ ಬದಲಿಸುವ ಮುಂಚೆ ಮದುಮಕ್ಕಳು ಮೊಣಕೈ ತಾಗಿಸುವಾಗ ನೆರೆದವರೆಲ್ಲ ಆ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದರು. ಸದ್ದು ಜೋರಾಗಿದ್ದರೆ ಜೋಡಿ ಚೆನ್ನಾಗಿದೆ ಎಂದು ನಗುತ್ತಿದ್ದರು. ಮನುಷ್ಯ ಯಾವುದಕ್ಕೆ ತಾನೇ ಹೊಂದಿಕೊಳ್ಳುವುದಿಲ್ಲ?

ಸುತ್ತಲಿನ ವಿದ್ಯುತ್ ಸ್ಥಾವರಗಳ ಒಲೆಗಳು ಆರಿ ಎಷ್ಟೋ ಕಾಲವಾಗಿತ್ತು. ಅವು ಬಿಟ್ಟುಹೋದ ಹಾರುಬೂದಿ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಗಾಳಿ ಎದ್ದರೆ ಸಾಕು, ಗುಡ್ಡಗುಡ್ಡವೇ ಎದ್ದು ಬರುತ್ತಿತ್ತು. ಹಾಗೆ ಹಾರುವಾಗ ಕಣಕ್ಕೆ ಕಣ ಉಜ್ಜಿ ಬೂದಿಗೆ ವಿದ್ಯುದಾವೇಶ ಬರುತ್ತದೆ. ಊರಿನ ಸುತ್ತ ಕಂಬ ನೆಟ್ಟು, ತಂತಿ ಎಳೆದು, ತಂತಿಗೂ ಅದೇ ಜಾತಿಯ ಆವೇಶ ಕೊಟ್ಟರೆ ಬೂದಿ ಮುಖ ತಿರುಗಿಸಿಕೊಂಡು ಹೋಗುತ್ತದೆ, ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ. ಒಳಗೂ ಬೂದಿಮಣ್ಣಿನ ಸೋಂಕು ಬೇಡವೆಂದು ಇಡೀ ಊರನ್ನು ಸುಟ್ಟ ಇಟ್ಟಿಗೆಯ ದಪ್ಪ ಕಟ್ಟೆಯ ಮೇಲೆ ಎತ್ತಿ ಕಟ್ಟಿದ್ದರು. ಮೂರು ಸಾವಿರ ಜನ ಆ ಕಟ್ಟೆಯ ಮೇಲೆ ಶುದ್ಧ ಗಾಳಿ ಉಸಿರಾಡಿಕೊಂಡಿದ್ದರು. ಹೊರಗೆ ಹೋಗಲು ಇದ್ದದ್ದು ಒಂದೇ ಗೇಟು, ಊರು ಕಟ್ಟಿದ ಮೇಲೆ ಅದನ್ನು ತೆರೆದದ್ದು ಒಂದೇ ಸಲ, ಏಳು ತಿಂಗಳ ಹಿಂದೆ.

ಕಂಟ್ರೋಲ್ ರೂಮಿನ ಲೆಕ್ಕವೆಲ್ಲ ಮಹಾನಂದಾಳದು. ಐವತ್ತೆರಡರ ಹೆಂಗಸು, ಮಾತು ಕಡಿಮೆ, ಕನ್ನಡಕ ಸದಾ ಹಣೆಯ ಮೇಲೆ. ಊರನ್ನು ಗೇಟಿನ ಹತ್ತಿರ ಕಲ್ಲಂಗಡಿಯ ಹಾಗೆ ನಡುವೆ ಕೊಯ್ದರೆ ಕಾಣುವ ಚಿತ್ರವನ್ನು ಅವಳು ಕಂಪ್ಯೂಟರಿನಲ್ಲಿ ಸಾವಿರಾರು ಚೌಕ ಮಾಡಿ ಇಟ್ಟಿದ್ದಳು. ತಂತಿ ಇರುವ ಚೌಕಗಳಲ್ಲಿ ಎಷ್ಟು ವೋಲ್ಟ್ ಎಂದು ಗೊತ್ತು. ಕೆಳಗಿನ ಸಾಲು ನೆಲ, ಅಲ್ಲಿ ಸೊನ್ನೆ. ನಡುವಿನ ಗಾಳಿಯಲ್ಲಿ ಎಷ್ಟು ಎಂದು ಗೊತ್ತಿಲ್ಲ, ಅದಕ್ಕೇ ಲೆಕ್ಕ. ಪ್ರತಿ ಚೌಕವೂ ತನ್ನ ಮೇಲಿನ, ಕೆಳಗಿನ, ಎಡದ, ಬಲದ ನಾಲ್ಕು ನೆರೆಯವರ ಸರಾಸರಿಯಷ್ಟಿರಬೇಕು. ಮೊದಲು ಏನೋ ಒಂದು ಅಂದಾಜು ತುಂಬಿ, ಒಂದೊಂದೇ ಚೌಕವನ್ನು ನೆರೆಯವರ ಸರಾಸರಿಗೆ ತಿದ್ದುತ್ತ ಹೋಗುವುದು. ತಿದ್ದಿದ್ದನ್ನೇ ಮತ್ತೆ ತಿದ್ದುವುದು. ಸಾವಿರ ಸಲ, ಹತ್ತು ಸಾವಿರ ಸಲ ಆದಮೇಲೆ ಸಂಖ್ಯೆಗಳು ಅಲ್ಲಾಡುವುದನ್ನು ನಿಲ್ಲಿಸುತ್ತವೆ. ಆಗ ಗೇಟಿನ ಚೌಕ ನೋಡುವುದು. ಗೇಟಿನ ತಂತಿ ಆರಿಸಿದಾಗ ಅಲ್ಲಿ ಐನೂರಕ್ಕಿಂತ ಕಡಿಮೆ ಬಂದರೆ ದಾಟಬಹುದು.

ಹೊರಗಿನ ಕಂಬಗಳ ಮೇಲೆ ಹನ್ನೆರಡು ಮೀಟರುಗಳೂ ಇದ್ದವು. ಅವುಗಳದ್ದು ಬೇರೆಯೇ ಕಥೆ. ಮೊದಲ ವರ್ಷದಿಂದಲೂ ಅವು ಲೆಕ್ಕಕ್ಕಿಂತ ಹೆಚ್ಚು ತೋರಿಸುತ್ತ ಬಂದಿದ್ದವು, ವರ್ಷಕ್ಕೆ ಸುಮಾರು ಎರಡು ಸಾವಿರದಂತೆ. ಬಿಸಿಲು ಬೂದಿಗೆ ಸಿಕ್ಕಿ ಮೀಟರು ಮುದಿಯಾಗುತ್ತಿದೆ ಎಂದು ಆಗಿನ ಅಧಿಕಾರಿ ಒಂದು ತಿದ್ದುಪಡಿಯ ಕಾಲಂ ಹಾಕಿಸಿದ. ಕಂಟ್ರೋಲ್ ರೂಮಿನವರು ಅದಕ್ಕೆ ಮೀಟರಿನ ಮುಪ್ಪು ಎಂದು ಹೆಸರಿಟ್ಟರು. ಬೆಳಗಿನ ಪಾಳಿಯವರ ಮೊದಲ ಕೆಲಸ ಮುಪ್ಪು ಕಳೆಯುವುದು. ಗೇಟಿನ ಮೀಟರಿಗೆ ಈಗ ನಲವತ್ತೊಂದು ಸಾವಿರ ಕಳೆಯುತ್ತಿದ್ದರು. ಕಂಪನಿಯವರು ಹೊರಗಿನಿಂದಲೇ ಬಂದು ಮೀಟರುಗಳನ್ನು ಎರಡು ಸಲ ಬದಲಿಸಿದ್ದೂ ಆಗಿತ್ತು. ಹೊಸ ಮೀಟರು ಬಂದ ದಿನವೇ ಅಷ್ಟು ಮುದಿಯಾಗಿದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಕಂಪನಿಯ ಮಾಲೇ ಹಾಗೆ ಎಂದು ಬೈದು ಸುಮ್ಮನಾದರು. ಮಹಾನಂದಾಳೂ ಬೈದಿದ್ದಳು.

ಏಳು ತಿಂಗಳ ಹಿಂದೆ ಅವಳ ಲೆಕ್ಕ ಗೇಟಿನಲ್ಲಿ ಮುನ್ನೂರ ಹನ್ನೆರಡು ಎಂದು ಹೇಳಿತು. ಅವಳೇ ಮೈಕಿನಲ್ಲಿ ಸಂಖ್ಯೆ ಓದಿದಳು. ಗೇಟಿನ ಕೆಲಸದಲ್ಲಿದ್ದ ಅವಳ ಮಗ ಚನ್ನವೀರ ಕಬ್ಬಿಣದ ಕಟಕಟೆ ಹಿಡಿದು ಹೊರಗಿನ ಮಣ್ಣಿನ ಮೇಲೆ ಒಂದು ಕಾಲಿಟ್ಟ. ಅಷ್ಟೇ. ಎರಡನೆಯ ಕಾಲು ಇಡಲಿಲ್ಲ. ನೈಲಾನ್ ಕಾಲುಚೀಲ ಹಾಕಿದ್ದರಿಂದ ಮೈಯಲ್ಲಿ ಆವೇಶ ಕೂಡಿಕೊಂಡಿತ್ತು, ಸ್ವಂತ ಅಜಾಗರೂಕತೆಯ ಸಾವು ಎಂದು ವರದಿ ಬರೆದರು. ಅವನ ಹೆಂಡತಿ ಕಸ್ತೂರಿಗೆ ಆಗ ಎರಡು ತಿಂಗಳು.

ಈಗ ಅವಳಿಗೆ ಒಂಬತ್ತು. ಸೋಮವಾರ ಬೆಳಿಗ್ಗೆ ನರ್ಸು ಮನೆಗೆ ಬಂದು ಹೊಟ್ಟೆ ಮುಟ್ಟಿ ನೋಡಿ ಮಹಾನಂದಾಳನ್ನು ಹಿತ್ತಲಿಗೆ ಕರೆದಳು.

"ಕೂಸು ಅಡ್ಡ ಮಲಗೈತಿ ಬಾಯಾರ. ತಿರುಗಸಾಕ ನೋಡ್ದೆ, ಬರವಲ್ದು. ಆಪರೇಶನ್ನೇ ಆಗಬೇಕು. ಇಲ್ಲಿ ಆಗೂದಿಲ್ಲ. ಭಾಳ ಅಂದ್ರ ನಾಕು ದಿನ."

ಮಹಾನಂದಾ ಆ ಹೊತ್ತಿಗೇ ಕಂಟ್ರೋಲ್ ರೂಮಿಗೆ ಹೋದಳು. ಮುಖ್ಯಾಧಿಕಾರಿ ಇನಾಮದಾರ ಕೆಟ್ಟ ಮನುಷ್ಯನಲ್ಲ, ಕಾಗದದ ಮನುಷ್ಯ. ಕಡತದಲ್ಲಿ ಇಲ್ಲದ್ದು ಜಗತ್ತಿನಲ್ಲೂ ಇಲ್ಲ ಎಂದು ನಂಬಿದ್ದವನು. ಇವತ್ತಿನ ಹಾಳೆ ತಿರುವಿ ನೋಡಿದ.

"ಗೇಟಿನಾಗ ಇವತ್ತೂ ಮುನ್ನೂರರ ಆಜುಬಾಜು ಐತಿ. ತೆರೀಲಿಕ್ಕೆ ನನ್ನ ತಕರಾರಿಲ್ಲ. ಹೊರಗಿನಿಂದ ಆಂಬ್ಯುಲೆನ್ಸ್ ತರಸ್ತೀನಿ. ನಿಮ್ಮ ಸೊಸಿ ಒಂದು ಸಹಿ ಮಾಡಿಕೊಡಲಿ."

ಮಧ್ಯಾಹ್ನ ಆ ಕಾಗದ ಹಿಡಿದು ಮನೆಗೆ ಬಂದಾಗ ಕಸ್ತೂರಿ ಗೋಡೆಗೆ ಒರಗಿ ಕೂತಿದ್ದಳು. ಅತ್ತೆ ಸೊಸೆ ಏಳು ತಿಂಗಳಿಂದ ಊಟ, ನೀರು, ಔಷಧಿ ಬಿಟ್ಟು ಬೇರೆ ಮಾತಾಡಿರಲಿಲ್ಲ. ಕಸ್ತೂರಿ ಕಾಗದ ಓದಿ ಮಡಚಿ ಕೆಳಗಿಟ್ಟಳು.

"ಎಷ್ಟು ಬಂದೈತಿ ಅತ್ತಿ, ಇವತ್ತಿನ ಲೆಕ್ಕ?"

"ಮುನ್ನೂರಾ ಎಂಟು."

"ಅವತ್ತು ಅವರಿಗೆ ಮುನ್ನೂರಾ ಹನ್ನೆರಡು ಅಂದಿದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಮಹಾನಂದಾಳಿಗೆ ಹೆಚ್ಚು ಚುಚ್ಚಿತು. "ಅವರು ಬರಿಗಾಲಿನಾಗ ಇದ್ರು. ಕಾಲುಚೀಲಾನ ಇರಲಿಲ್ಲ ಅವರ ಹತ್ರ. ನಾನು ಅವರ ಅರಿಬಿ ತೊಳದಾಕಿ, ನನಗ ಗೊತ್ತಿಲ್ಲೇನು? ನಾ ಸಹಿ ಮಾಡೂದಿಲ್ರಿ. ಸಾಯೂದಾದ್ರ ಮನ್ಯಾಗ ಸಾಯ್ತೀನಿ."

ಕಾಲುಚೀಲದ ಮಾತು ಸುಳ್ಳೆಂದು ಮಹಾನಂದಾಳಿಗೂ ಒಳಗೊಳಗೆ ಗೊತ್ತಿತ್ತು. ಅದು ಸುಳ್ಳಾದರೆ ಉಳಿಯುವುದು ತನ್ನ ಲೆಕ್ಕ. ಅದಕ್ಕೇ ಅವಳು ಅದನ್ನು ಕೆದಕಲು ಹೋಗಿರಲಿಲ್ಲ. ಕಿಟಕಿಯಾಚೆ ತಂತಿಗಳು ಬಿಸಿಲಿನಲ್ಲಿ ಮಿನುಗುತ್ತಿದ್ದವು, ಅದರಾಚೆ ಬೂದಿಗುಡ್ಡ. ಎಲ್ಲಿ ನೋಡಿದರೂ ಕಣ್ಣು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಇಡೀ ಊರು ಅವಳಿಗೆ ಒಂದು ಬೋನಿನ ಹಾಗೆ ಕಂಡಿತು.

ಮಂಗಳವಾರ ಇಡೀ ದಿನ ಅವಳು ಲೆಕ್ಕವನ್ನು ಜಾಲಾಡಿದಳು. ಚೌಕಗಳನ್ನು ಇನ್ನೂ ಸಣ್ಣದು ಮಾಡಿದಳು, ಒಂದು ಲಕ್ಷ ಸಲ ತಿದ್ದಿಸಿದಳು. ಬಂದದ್ದು ಮುನ್ನೂರ ಹತ್ತು. ಲೆಕ್ಕ ಬಂಡೆಯ ಹಾಗೆ ಗಟ್ಟಿಯಾಗಿತ್ತು. ಮೂರು ದಿನ ಉಳಿದಿತ್ತು.

ಬುಧವಾರ ಬೆಳಿಗ್ಗೆ ರೊಟ್ಟಿ ಕೊಡಲು ಹೋದಾಗ ಇಬ್ಬರೂ ಮೊಣಕೈ ತಾಗಿಸಿದರು. ಕಿಡಿ ಹಾರಲೇ ಇಲ್ಲ. ಏಳು ತಿಂಗಳಲ್ಲಿ ಮೊದಲ ಸಲ ಕಸ್ತೂರಿ ತುಸು ನಕ್ಕಳು.

"ನಮ್ಮ ಕಿಡಿ ಏನ್ ಬಿಡ್ರಿ. ಮೆಹಬೂಬನ ಹತ್ರ ಚೀಟಿ ಇಸ್ಕೊಳ್ಳೂವಾಗ ಬರ್ತಿತ್ತಲ್ಲ, ಅದು ಕಿಡಿ. ಬೆಕ್ಕಿನಷ್ಟು ಇರ್ತಿತ್ತು."

ಬಸುರಿಯಾಗುವ ಮುಂಚೆ ಕಸ್ತೂರಿ ಸಾಮಾನಿನ ಕಿಂಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಹೊರಗಿನ ಲಾರಿಯಿಂದ ರಬ್ಬರಿನ ಪಟ್ಟಿಯ ಮೇಲೆ ಅಕ್ಕಿ, ಬೇಳೆ, ಡಬ್ಬಿ ತುಂಬಿದ ನೀರು ಒಳಗೆ ಬರುತ್ತಿತ್ತು. ಲಾರಿಯ ಮೆಹಬೂಬ ಗಾಡಿಯಿಂದ ಕೆಳಗಿಳಿಯದೆ ಕೈ ಚಾಚಿ ಚೀಟಿ ಕೊಡುತ್ತಿದ್ದ.

"ಬೂದಿಯೊಳಗಿಂದ ಬರ್ತಾನ, ಅವನ ಮೈಯಾಗ ಕರೆಂಟ್ ಇರ್ತೈತಿ," ಎಂದಳು ಮಹಾನಂದಾ.

"ನಾವು ಹಂಗ ಅಂತಿದ್ವಿ. ಅವನು ನಮಗ ಹಂಗ ಅಂತಿದ್ದ. ಹದಿನಾಲ್ಕು ಊರಿಗೆ ಸಾಮಾನ ಒಯ್ತೀನವ್ವಾ, ಯಾರೂ ಕಡ್ಯೂದಿಲ್ಲ, ನಿಮ್ಮೂರ ಮಂದಿ ಅಷ್ಟ ಕಡೀತೀರಿ ಅಂತಿದ್ದ."

ಮಹಾನಂದಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಸೀಮೆಸುಣ್ಣ ತಂದಳು. ಅಡುಗೆಮನೆಗೆ ಚೌಕ ಕಲ್ಲು ಹಾಸಿತ್ತು, ಅಡ್ಡಕ್ಕೆ ಹನ್ನೊಂದು, ಉದ್ದಕ್ಕೆ ಒಂಬತ್ತು. ಒಲೆಯ ಕಡೆಯ ಸಾಲು ನೆಲ. ಎಡಗಡೆಯ ಆರು ಕಲ್ಲು ಊರಿನ ಕಟ್ಟೆ, ಬಲಗಡೆಯ ಐದು ಕಲ್ಲು ಹೊರಗಿನ ಮಣ್ಣು. ಕಂಟ್ರೋಲ್ ರೂಮಿನಲ್ಲಿ ಹನ್ನೊಂದಕ್ಕೂ ಸೊನ್ನೆ ಬರೆಯುತ್ತಿದ್ದರು. ನೆಲ ಎಂದರೆ ಸೊನ್ನೆ, ಅದನ್ನು ಯಾರು ಕೇಳುತ್ತಾರೆ? ಅವಳು ಹೊರಗಿನ ಐದಕ್ಕೆ ಸೊನ್ನೆ ಬರೆದಳು. ಒಳಗಿನ ಆರರಲ್ಲಿ ನಲವತ್ತೊಂದು ಬರೆದಳು. ತಂತಿಗೆ ಕೊಡುವ ಅರವತ್ತು ಊರಿನ ನೆಲದಿಂದ ಮೇಲಕ್ಕೆ ಎಣಿಸಿದ್ದು, ಹಾಗಾಗಿ ತಂತಿಯ ಕಲ್ಲಿಗೆ ಅರವತ್ತರ ಬದಲು ನೂರಾ ಒಂದು. ಸಾವಿರ ಲೆಕ್ಕದಲ್ಲಿ.

"ನಾಕೂ ಮಗ್ಗಲಿಂದು ಕೂಡಿಸಿ ನಾಕರಿಂದ ಭಾಗಸು," ಎಂದು ಕ್ಯಾಲ್ಕುಲೇಟರ್ ಕೊಟ್ಟಳು. ಕಸ್ತೂರಿ ಯಾಕೆಂದು ಕೇಳದೆ ಒತ್ತತೊಡಗಿದಳು. ಅವಳು ಸಂಖ್ಯೆ ಹೇಳುವುದು, ಇವಳು ಮೊಣಕಾಲೂರಿ ಹಳೆಯದನ್ನು ಸೆರಗಿನಿಂದ ಒರೆಸಿ ಹೊಸದು ಬರೆಯುವುದು. ಮೊದಲ ಸುತ್ತು, ಎರಡನೆಯದು, ಹತ್ತನೆಯದು. ಮಧ್ಯಾಹ್ನದ ಊಟದ ಹೊತ್ತು ದಾಟಿತು. ಕೂಸು ಒದ್ದಾಗ ಕಸ್ತೂರಿ ಹೊಟ್ಟೆಯ ಮೇಲೆ ಕೈಯಿಟ್ಟು ತಡೆದು, ಮತ್ತೆ ಒತ್ತುತ್ತಿದ್ದಳು. ನಲವತ್ತನೆಯ ಸುತ್ತಿಗೆ ಸಂಖ್ಯೆಗಳು ಅಲ್ಲಾಡುವುದನ್ನು ಬಿಟ್ಟವು.

ಮಹಾನಂದಾ ಬೆಳಗಿನ ಹಾಳೆ ತೆಗೆದು ಮೀಟರುಗಳ ಸಂಖ್ಯೆ ನೋಡಿದಳು, ಮುಪ್ಪು ಕಳೆಯದೆ. ಕಂಬ ಇರುವ ಕಲ್ಲುಗಳ ಮೇಲೆ ಬರೆದಿದ್ದಕ್ಕೂ ಅದಕ್ಕೂ ಹೊಂದುತ್ತಿತ್ತು. ಸೀಮೆಸುಣ್ಣದ ಒರಟು ಲೆಕ್ಕ, ಒಂದೆರಡು ಸಾವಿರ ಅತ್ತಿತ್ತ. ಆದರೂ ಹನ್ನೆರಡಕ್ಕೆ ಹನ್ನೆರಡೂ ಹೊಂದಿದವು. ಒಂದು ಮೀಟರು ಸುಳ್ಳು ಹೇಳಬಹುದು, ಹನ್ನೆರಡು ಸೇರಿ ಒಂದೇ ಲೆಕ್ಕಕ್ಕೆ ಕೂಡುವ ಸುಳ್ಳು ಹೇಳಲಾರವು. ಒಣಗಿದ ಇಟ್ಟಿಗೆಯ ಮೇಲೆ ಕೂತ ಊರು ತಂತಿಯಿಂದ ಸೋರಿದ ಆವೇಶವನ್ನು ಇಪ್ಪತ್ತೆರಡು ವರ್ಷ ಗುಟುಕು ಗುಟುಕಾಗಿ ಕುಡಿದು, ಬೀದಿ, ಮನೆ, ಮಂದಿ ಸಮೇತ ನಲವತ್ತೊಂದು ಸಾವಿರ ವೋಲ್ಟಿಗೆ ಏರಿ ಕೂತಿತ್ತು. ಎಲ್ಲರೂ ಒಟ್ಟಿಗೆ ಏರಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಮೆಹಬೂಬನನ್ನು ಲಾರಿಯ ರಬ್ಬರ್ ಗಾಲಿ ಉಳಿಸಿತ್ತು.

"ಅವರು ಕಾಲಿಟ್ಟ ಕಲ್ಲು ಯಾವದು?" ಎಂದು ಕಸ್ತೂರಿ ಕೇಳಿದಳು.

ಮಹಾನಂದಾ ಬೆರಳಿಟ್ಟು ತೋರಿಸಿದಳು. ಈ ಕಲ್ಲಿನಲ್ಲಿ ನಲವತ್ತೊಂದು, ಅದರ ಪಕ್ಕದ ಕಲ್ಲಿನಲ್ಲಿ ಸೊನ್ನೆ.

"ಕೈ ಇಲ್ಲಿತ್ತು. ಕಾಲು ಅಲ್ಲಿತ್ತು. ಊರಿಗೆ ಊರೇ ಅವನ ಮೈಯಾಗ ಹಾದು ಇಳೀತು," ಎಂದಳು. ಆಮೇಲೆ ಅಂದಳು, "ಮೀಟರು ಖರೇನ ಹೇಳ್ತಿತ್ತು. ಬೆಳಿಗ್ಗಿ ಕಳದಾಕಿ ನಾನ."

ಅವಳು ಅತ್ತಳು. ಮಗ ಸತ್ತಾಗ ಎಲ್ಲರೆದುರು ಅಳದವಳು ಸೀಮೆಸುಣ್ಣದ ಕೈಯಲ್ಲೇ ಮುಖ ಮುಚ್ಚಿಕೊಂಡು ದನಿ ತೆಗೆದು ಅತ್ತಳು. ಕಸ್ತೂರಿ ಎದ್ದು ಬರಲಾಗದೆ ಕೂತಲ್ಲಿಂದಲೇ ಸರಿದು ಬಂದು ಅತ್ತೆಯ ಬೆನ್ನ ಮೇಲೆ ಕೈಯಿಟ್ಟಳು. ಬಹಳ ಹೊತ್ತು ಹಾಗೇ ಇಟ್ಟಿದ್ದಳು.

ಅವತ್ತೇ ಸಂಜೆ ಇನಾಮದಾರ ಎಲ್ಲವನ್ನೂ ಕೇಳಿಸಿಕೊಂಡ. ಅವಳು ನೆಲದ ಸಾಲು ಬದಲಿಸಿ ಅವನ ಕಣ್ಣೆದುರೇ ಕಂಪ್ಯೂಟರಿನಲ್ಲಿ ಲೆಕ್ಕ ಓಡಿಸಿದಳು. ಅವನು ಸಂಖ್ಯೆಗಳನ್ನು ಬೆಳಗಿನ ಹಾಳೆಗೆ ಒಂದೊಂದಾಗಿ ತಾಳೆ ನೋಡಿದ. ಅವನೂ ದಡ್ಡನಲ್ಲ.

"ನೆಲಾನ ನಲವತ್ತೊಂದು ಇದ್ರ, ತಂತಿ ನೂರಾ ಒಂದರಾಗ ಐತಿ ಅಂದಂಗಾತು. ಅದಕ್ಕ ಬೂದಿ ಇಷ್ಟು ದೂರ ನಿಂತೈತಿ. ನೀವು ನೆಲಾ ಇಳಸಿದ್ರ ಬರೇ ಅರವತ್ತು ಉಳೀತೈತಿ. ಈಗಿನ ಬೂದಿಗೆ ಅದು ಸಾಲೂದಿಲ್ಲ."

"ಹೌದ್ರಿ ಸಾಹೇಬ್ರ. ಇಳಿಸಿ ಗೇಟು ತೆರದು, ಆಕಿ ಹೋದಮ್ಯಾಲೆ ಮತ್ತ ಮುಚ್ಚಿದ್ರ, ನೆಲಾ ಮೊದಲಿನಂಗ ಏರಾಕ ವರ್ಷಾನುಗಟ್ಲೆ ಬೇಕು. ತಂತಿಯಿಂದ ಬ್ಯಾರೆ ಜೋಡಣಿ ಮಾಡಿ ನೆಲಾ ನಾವ ಏರಿಸಿದ್ರೂ ಎಂಟು ದಿನ."

"ಎಂಟು ದಿನ ಬೂದಿ ಬೀಳ್ತೈತಿ."

"ಎರಡು ಬೆರಳು. ಲೆಕ್ಕ ಹಾಕೀನಿ."

"ಉಬ್ಬಸದವರು ಇನ್ನೂರಾ ಮೂವತ್ತು ಮಂದಿ ಅದಾರ ಈ ಊರಾಗ. ಒಬ್ಬಾಕಿಗಾಗಿ?"

ಅದು ನ್ಯಾಯವಾದ ಪ್ರಶ್ನೆಯೇ. ಮಹಾನಂದಾ ಅದರಿಂದ ತಪ್ಪಿಸಿಕೊಳ್ಳಲಿಲ್ಲ. "ಅವರ ಮಕ್ಕಳು ಮರಿ ನಾಳೆ ಇದ ಗೇಟಿನಾಗ ಕಾಲಿಡ್ತಾರ. ನಾನ ಮೈಕಿನಾಗ ಮುನ್ನೂರು ಅಂತ ಓದಬೇಕು. ಅದು ನನ್ನಿಂದ ಆಗೂದಿಲ್ರಿ. ನೀವು ಬ್ಯಾಡ ಅಂದ್ರ ಈ ಹಾಳಿ ಒಯ್ದು ಚಾವಡಿಗೆ ಹಚ್ತೀನಿ. ಕಾಲುಚೀಲದ ಕಾಗದಾನೂ ಮಗ್ಗಲಿಗೆ ಹಚ್ತೀನಿ."

ಇನಾಮದಾರ ಕಾಲುಚೀಲದ ವರದಿಯನ್ನು ಕಡತದಿಂದ ಹೊರಗೆಳೆದ. ಆ ಕಾಗದದ ಕೆಳಗೆ ಅವನದೇ ಸಹಿ ಇತ್ತು.

"ಗುರುವಾರ ಮುಂಜಾನೆ. ಅರ್ಧ ತಾಸು," ಎಂದ. "ಒಂದು ಮಾತು. ಇದು ಗೊತ್ತಿದ್ದಾಕಿ ನೀವೊಬ್ಬರ. ನೀವು ಈ ಊರು ಬಿಟ್ಟು ಹೋಗಂಗಿಲ್ಲ. ಹೋದ್ರ ಇಲ್ಲಿಯವರು ವಾರದಾಗ ಮತ್ತ ಸೊನ್ನಿ ಬರ್ಯಾಕ ಹತ್ತತಾರ, ಬರದು ಕೊಡ್ತೀನಿ."

ಅವಳು ತಲೆಯಾಡಿಸಿದಳು. ಅದು ಅವಳಿಗೂ ಗೊತ್ತಿತ್ತು.

ನೆಲವನ್ನು ಇಳಿಸಬೇಕು, ಆದರೆ ಒಮ್ಮೆಲೇ ಅಲ್ಲ. ಕಬ್ಬಿಣದ ಸರಳು ತಾಗಿಸಿದರೆ ಗೇಟೇ ಸಿಡಿಯುತ್ತದೆ. ಒಣ ಹಗ್ಗ ಹಾಕಿದರೆ ಏನೂ ಇಳಿಯುವುದಿಲ್ಲ. ಮಹಾನಂದಾ ತನ್ನ ಹತ್ತಿಯ ಸೀರೆಗಳನ್ನು ನಾಲ್ಕು ಬೆರಳಗಲ ಹರಿದು ಗಂಟು ಹಾಕಿ ಉದ್ದ ಪಟ್ಟಿ ಮಾಡಿದಳು. ನೀರಲ್ಲಿ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದ ಹಾಗೆ ಹಿಂಡಿದಳು. ಹಸಿಬಟ್ಟೆಯಲ್ಲಿ ಆವೇಶ ನಿಧಾನವಾಗಿ ಸೋರುತ್ತದೆ. ಒಂದು ತುದಿಯನ್ನು ಗೇಟಿನ ಕಬ್ಬಿಣಕ್ಕೆ ಕಟ್ಟಿದಳು. ಹೊರಗೆ ಮೆಹಬೂಬ ಮಣ್ಣಿನಲ್ಲಿ ಉದ್ದನೆಯ ಕೊಳವೆ ಹೊಡೆದು, ಸುತ್ತ ಒಂದು ಟ್ಯಾಂಕರ್ ನೀರು ಸುರಿದು, ದೂರ ನಿಂತಿದ್ದ. ಪಟ್ಟಿಯ ಇನ್ನೊಂದು ತುದಿಯನ್ನು ಒಣ ಬಿದಿರಿನ ಗಳಕ್ಕೆ ಸಿಕ್ಕಿಸಿ ಅವಳೇ ಚಾಚಿ ಕೊಳವೆಯ ಮೇಲೆ ಇಳಿಬಿಟ್ಟಳು.

ಛಿರ್ ಎಂದು ಸದ್ದಾಗಿ ಬಟ್ಟೆಯಿಂದ ಹಬೆ ಎದ್ದಿತು. ಊರಿನವರೆಲ್ಲ ಬೀದಿಯಲ್ಲಿ ನಿಂತಿದ್ದರು. ಅವರ ತಲೆಗೂದಲು ಮೆಲ್ಲಗೆ ಕೂರತೊಡಗಿತು. ಹುಟ್ಟಿದಾಗಿನಿಂದ ಕೂದಲು ಹಾಗೆ ಎದ್ದೇ ಇರುವುದೆಂದು ತಿಳಿದಿದ್ದ ಮಕ್ಕಳು ಒಬ್ಬರ ತಲೆ ಒಬ್ಬರು ಸವರಿ ನೋಡಿದರು.

ಮಹಾನಂದಾ ಮೀಟರು ಓದುತ್ತಿದ್ದಳು, ಏನನ್ನೂ ಕಳೆಯದೆ. ಮೂವತ್ತು ಸಾವಿರ. ಹದಿನೆಂಟು. ಒಂಬತ್ತು. ಎರಡು. ನಾನೂರಕ್ಕೆ ಬಂದಾಗ ಅವಳು ಕಬ್ಬಿಣದ ಕಟಕಟೆ ಹಿಡಿದಳು.

"ಅತ್ತಿ, ತಡೀರಿ," ಎಂದಳು ಕಸ್ತೂರಿ ಹಿಂದಿನಿಂದ. "ಯಾರನ್ನರ ಕಳಸ್ರಿ ಮೊದಲು."

"ಲೆಕ್ಕ ನಂದೈತಿ," ಎಂದು ಮಹಾನಂದಾ ಹೊರಗಿನ ಮಣ್ಣಿನ ಮೇಲೆ ಬರಿಗಾಲಿಟ್ಟಳು.

ಹಿಮ್ಮಡಿಗೆ ಇರುವೆ ಕಚ್ಚಿದ ಹಾಗಾಯಿತು. ಅಷ್ಟೇ. ಎರಡನೆಯ ಕಾಲೂ ಇಟ್ಟಳು. ಬೂದಿ ಬಿಸಿಯಾಗಿತ್ತು, ಮೆತ್ತಗಿತ್ತು. ಇಪ್ಪತ್ತೆರಡು ವರ್ಷದ ನಂತರ ಅವಳ ಕಣ್ಣಿಗೂ ಗುಡ್ಡಕ್ಕೂ ನಡುವೆ ತಂತಿ ಇರಲಿಲ್ಲ. ಹೀಗೇ ನಡೆದುಬಿಡಬೇಕು ಎಂದು ಅವಳಿಗೆ ಎಷ್ಟು ಬಲವಾಗಿ ಅನ್ನಿಸಿತೆಂದರೆ ಒಂದು ಹೆಜ್ಜೆ ಮುಂದೆ ಇಟ್ಟೂಬಿಟ್ಟಳು. ಆಮೇಲೆ ತಿರುಗಿ ಸೊಸೆಗೆ ಕೈ ಚಾಚಿದಳು.

ಕಸ್ತೂರಿ ಆ ಕೈ ಹಿಡಿದು ದಾಟಿದಳು. ಆಂಬ್ಯುಲೆನ್ಸಿನ ಬಾಗಿಲು ಮುಚ್ಚುವ ಮುಂಚೆ, "ನೀವೂ ಬರ್ರಿ," ಎಂದಳು. ಮಹಾನಂದಾ ಆಗಲೇ ಗೇಟಿನೊಳಗೆ ಹೋಗಿ ಪಟ್ಟಿ ಬಿಚ್ಚುತ್ತಿದ್ದಳು. ಅರ್ಧ ತಾಸು ಮುಗಿದಿತ್ತು.

ಮಧ್ಯಾಹ್ನದಿಂದಲೇ ಬೂದಿ ಬೀಳತೊಡಗಿತು. ಜನ ಕಿಟಕಿಗೆ ಹಸಿ ಚಾದರ ಕಟ್ಟಿದರು, ಕೆಮ್ಮಿದರು, ಮಹಾನಂದಾಳನ್ನು ಮನಸಾರೆ ಬೈದರು. ಇನಾಮದಾರ ಇಡೀ ಕಥೆಯನ್ನು ಚಾವಡಿಯಲ್ಲಿ ಓದಿ ಹೇಳಿದ ಮೇಲೂ ಬೈದರು. ಆರನೆಯ ದಿನ ಉಬ್ಬಸದ ಒಬ್ಬ ಮುದುಕ ತೀರಿಕೊಂಡ. ಅವನ ಹೆಸರು ಶಿವಲಿಂಗಪ್ಪ. ಅವನ ಮನೆಯ ಮುಂದೆ ಹೋಗಿ ನಿಂತ ಅವಳನ್ನು ಯಾರೂ ಒಳಗೆ ಕರೆಯಲಿಲ್ಲ. ಎಂಟು ದಿನಕ್ಕೆ ನೆಲ ಮತ್ತೆ ಏರಿತು, ಗಾಳಿ ತಿಳಿಯಾಯಿತು. ಗೇಟು ಇನ್ನು ವರ್ಷಕ್ಕೊಮ್ಮೆ, ಹೋಗಬೇಕಾದವರೆಲ್ಲ ಒಟ್ಟಿಗೇ ಹೋಗುವಂತೆ, ತೆರೆಯುವುದೆಂದು ಊರವರು ಸೇರಿ ತೀರ್ಮಾನಿಸಿದರು. ಒಳಗೆ ಬಂದವರು ಮತ್ತೆ ವರ್ಷ ಕಾಯಬೇಕು.

ಹತ್ತನೆಯ ದಿನ ಬೆಳಿಗ್ಗೆ, ಬೂದಿಗೆ ಕೆಟ್ಟು ಆಗಷ್ಟೇ ಸರಿಯಾದ ಕಂಟ್ರೋಲ್ ರೂಮಿನ ವೈರ್‌ಲೆಸ್ಸಿನಲ್ಲಿ ಕಸ್ತೂರಿಯ ದನಿ ಬಂತು.

"ಅತ್ತಿ, ಹೆಣ್ಣು ಕೂಸು. ಇಬ್ಬರೂ ಆರಾಮ ಅದೀವಿ. ಮೂಗು ಖರೇನ ಅವರದ ಐತ್ರಿ."

ಹಿಂದೆ ಕೂಸು ಅಳುವುದು ಕೇಳಿಸಿತು. ಮಹಾನಂದಾ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು.

"ಎಲ್ಲಿ ಅದೀಯವ್ವಾ? ಗಾಳಿ ಹೆಂಗೈತಿ ಅಲ್ಲಿ?"

"ಆಸ್ಪತ್ರ್ಯಾಗ ಅದೀನ್ರಿ. ಇಲ್ಲಿ ಹೊಳಿ ಐತಿ ಅತ್ತಿ, ಕಿಟಕ್ಯಾಗ ಕಾಣ್ತೈತಿ. ಹೊಳಿ ದಂಡಿಗೆ ಬೂದಿ ಬರೂದಿಲ್ಲಂತ. ನರ್ಸಮ್ಮ ಇಲ್ಲೇ ಕೆಲಸಾ ಕೊಡಸ್ತೀನಿ ಅಂತಾಳ. ನಾ ಒಲ್ಲೆ ಅಂದೆ. ನೀವೊಬ್ಬರ ಆಗ್ತೀರಿ ಅಲ್ಲಿ. ಇನ್ನೊಂದು ಸಲ ಪಟ್ಟಿ ಹಾಕೂದು ಯಾವಾಗ? ಎಷ್ಟಕ್ಕ ಇಳೀತು ಅಂತ ನೀವು ಲೆಕ್ಕ ಹಾಕಿ ಹೇಳ್ರಿ ಸಾಕು, ಕೂಸಿನ್ನ ಎತ್ಕೊಂಡು ಕಣ್ಣು ಮುಚ್ಚಿ ದಾಟಿ ಬರ್ತೀನಿ."

ಮಹಾನಂದಾಳಿಗೆ ಆ ಕೂಸಿನ ಮುಖ ಒಮ್ಮೆ ನೋಡಿದರೆ ಸಾಕಿತ್ತು. ಬೇರೆ ಏನೂ ಬೇಕಿರಲಿಲ್ಲ. ಅವಳ ಮುಂದೆ ಕಂಪ್ಯೂಟರು ಆರಿತ್ತು, ಹಾಳೆ ಖಾಲಿ ಇತ್ತು.

"ಲೆಕ್ಕ ಹಾಕೀನವ್ವಾ," ಎಂದಳು. "ಹೊರಗ ಹೋಗಾಕ ಅಷ್ಟ ಬರ್ತೈತಿ. ಒಳಗ ಬರಾಕ ಬರೂದಿಲ್ಲ. ಗೇಟಿನಾಗ ಒಂಬತ್ತು ಸಾವಿರಕ್ಕಿಂತ ಕೆಳಗ ಇಳ್ಯೂದಿಲ್ಲ. ಮೂರು ಸಲ ಹಾಕಿ ನೋಡ್ದೆ."

ಆ ಕಡೆ ಕಸ್ತೂರಿ ಕೂಸನ್ನು ಸಮಾಧಾನ ಮಾಡುವುದು ಕೇಳಿಸಿತು.

"ಮುಂದಿನ ವರ್ಷ?"

"ಮುಂದಿನ ವರ್ಷಾನೂ ಅಷ್ಟ."

ಕಸ್ತೂರಿ ಅಳತೊಡಗಿದಳು. ಆದರೆ ಇನ್ನೊಂದು ಸಲ ಕೇಳಲಿಲ್ಲ. ಅತ್ತೆ ಹೇಳಿದ ಸಂಖ್ಯೆಯನ್ನು ಅವಳು ನಂಬಿದ್ದಳು.